ಬಾಸ್‌ನ ಗೆರೆ, ಕೊಡಗಿನ ಮಕ್ಕಳು: ತಾಮ್ರದ ತಗಡಿನಲ್ಲಿ ಎಚ್ಚಿಂಗ್ ಮಾಡುವ ಕ್ರಮ

ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೆರೆ ಎಳೆದು, ಆ ಗೆರೆಗಳನ್ನು ಆಮ್ಲಕ್ಕೆ ಕಚ್ಚಿಸಿ, ಅವುಗಳೊಳಗೆ ಇಂಕು ತುಂಬಿ ಕಾಗದಕ್ಕೆ ಅಚ್ಚು ತೆಗೆಯುವ ಕಲೆ ಎಚ್ಚಿಂಗ್. ಅಬ್ರಹಾಂ ಬಾಸ್ 17ನೇ ಶತಮಾನದ ಫ್ರೆಂಚ್ ಕಲಾವಿದ. ಹುಟ್ಟಿದ್ದು ಟೂರ್ ಪಟ್ಟಣದಲ್ಲಿ, ದುಡಿದದ್ದು ಪ್ಯಾರಿಸ್ಸಿನಲ್ಲಿ, ತೀರಿಕೊಂಡದ್ದು 1676ರಲ್ಲಿ. ಮನುಷ್ಯನ ನಾಲ್ಕು ವಯಸ್ಸುಗಳ ಮೇಲೆ 1630ರ ದಶಕದಲ್ಲಿ ಅವನು ಮಾಡಿದ ಎಚ್ಚಿಂಗ್ ಸರಣಿಯಲ್ಲಿ ‘ಬಾಲ್ಯ’ ಒಂದು ಹಾಳೆ. 1645ರಲ್ಲಿ ಅವನು ಹೊರತಂದ ಕೈಪಿಡಿ ಎಚ್ಚಿಂಗ್ ಕೆಲಸವನ್ನು ಹಂತಹಂತವಾಗಿ ಹೇಳಿಕೊಟ್ಟ ಮೊದಲ ಪುಸ್ತಕವೆಂದು ಹೆಸರಾಗಿದೆ. ಉಳಿಯಿಂದ ಕೆತ್ತಿದ ಗೆರೆಗೆ ಇರುವ ಗಾಂಭೀರ್ಯವನ್ನು ಸೂಜಿ ಮತ್ತು ಆಮ್ಲದಿಂದಲೇ ತರಬೇಕು ಎಂಬುದು ಅವನ ಹಟ.

ಅವನ ಹಾಳೆಯ ನಕಲು ಮಾಡುವುದು ಇಲ್ಲಿಯ ಉದ್ದೇಶ ಅಲ್ಲ. ಅವನ ಗೆರೆಯ ಶಿಸ್ತನ್ನು ತೆಗೆದುಕೊಂಡು, ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಕೈಯಾಲೆ ಎಂಬ ಜಗಲಿಯಲ್ಲೋ ಕಾಫಿ ಕಣದಲ್ಲೋ ಆಡುವ ಮಕ್ಕಳನ್ನು 15×20 ಸೆಂ.ಮೀ. ತಗಡಿಗೆ ಇಳಿಸುವ ಕ್ರಮ ಇದು. ಒಂದು ಮಾತು ಮೊದಲಿಂದ ಕೊನೆಯವರೆಗೂ ತಲೆಯಲ್ಲಿರಲಿ: ಈ ಪದ್ಧತಿಯಲ್ಲಿ ನೆರಳು-ಬೆಳಕು ಮೂಡುವುದು ಕೈ ಒತ್ತಿದ್ದರಿಂದ ಅಲ್ಲ, ತಗಡು ದ್ರಾವಣದಲ್ಲಿ ಎಷ್ಟು ಹೊತ್ತು ಇತ್ತು ಎಂಬುದರಿಂದ. ಮಗುವಿನ ಕೆನ್ನೆಗೆ 7 ನಿಮಿಷ, ಕಂಬದ ಹಿಂದಿನ ಕತ್ತಲೆಗೆ 1 ಗಂಟೆ. ಈ ಲೆಕ್ಕ ತಪ್ಪಿದರೆ ಎಷ್ಟು ಒಳ್ಳೆಯ ಚಿತ್ರವಾದರೂ ಕೆಡುತ್ತದೆ.

ಕೊಡಗಿನಲ್ಲಿ ಇದಕ್ಕೆ ಹದವಾದ ಕಾಲ ತುಲಾ ಸಂಕ್ರಮಣ ಕಳೆದ ಮೇಲಿನಿಂದ ಫೆಬ್ರವರಿ ಕೊನೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ತಗಡಿನ ಮೇಲೆ ಕಣ್ಣಿಗೆ ಕಾಣದ ತೇವ ಕೂರುತ್ತದೆ, ಮೇಣದ ಲೇಪ ಹಿಡಿಯುವುದಿಲ್ಲ, ಕಾಗದಕ್ಕೆ ಬೂಷ್ಟು ಬರುತ್ತದೆ. ಮಳೆಗಾಲವನ್ನು ರೇಖಾಚಿತ್ರಕ್ಕೆ ಇಟ್ಟುಕೊಳ್ಳಿ.

ಚಿತ್ರ ಕಟ್ಟುವುದು

ಬಾಸ್ ಒಳಾಂಗಣವನ್ನು ರಂಗಮಂಚದಂತೆ ಕಟ್ಟುತ್ತಿದ್ದ. 1648ರಿಂದ ಪ್ಯಾರಿಸ್ಸಿನ ರಾಯಲ್ ಅಕಾಡೆಮಿಯಲ್ಲಿ ಪರಿಪ್ರೇಕ್ಷ್ಯ, ಅಂದರೆ ಚಿತ್ರದಲ್ಲಿ ದೂರ-ಹತ್ತಿರ ತೋರಿಸುವ ವಿದ್ಯೆ, ಕಲಿಸುತ್ತಿದ್ದವನು ಅವನು. ಅವನ ಚಿತ್ರಗಳಲ್ಲಿ ನೆಲ, ಗೋಡೆ, ಕಿಟಕಿ ಎಲ್ಲಕ್ಕೂ ಲೆಕ್ಕವಿದೆ. ಕೈಯಾಲೆ ಈ ಕ್ರಮಕ್ಕೆ ಹೇಳಿ ಮಾಡಿಸಿದ ಜಾಗ. ಸಾಲುಕಂಬಗಳು ದೂರವನ್ನು ತೋರಿಸುತ್ತವೆ, ಕಂಬಗಳ ನಡುವಿನ ಐಮರ ಎಂಬ ಮರದ ಹಲಗೆ ಮಕ್ಕಳು ಕೂರಲು, ಹತ್ತಲು, ಕಾಲು ಇಳಿಬಿಡಲು ಸಿಗುತ್ತದೆ. ಕಣ್ಣಿನ ಮಟ್ಟದ ರೇಖೆಯನ್ನು ನಿಂತ ಮಗುವಿನ ಕಣ್ಣಿನ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು 3 ಅಡಿಗೆ ಇಡಿ. ದೊಡ್ಡವರ ಎತ್ತರಕ್ಕೆ ಇಟ್ಟರೆ ಮಕ್ಕಳ ನೆತ್ತಿಯೇ ಎದ್ದು ಕಾಣುತ್ತದೆ, ಮುಖ ಸಿಗುವುದಿಲ್ಲ.

ಅಳತೆಯಲ್ಲಿ ಆಗುವ ತಪ್ಪು ಒಂದೇ: ಮಗುವನ್ನು ಕುಗ್ಗಿಸಿದ ದೊಡ್ಡ ಮನುಷ್ಯನಂತೆ ಬರೆಯುವುದು. 1–2 ವರ್ಷದ ಕೂಸಿನ ಎತ್ತರ ಅದರ ತಲೆಯ ಸುಮಾರು 4 ಪಟ್ಟು, 4 ವರ್ಷದ ಮಗುವಿನದು 5 ಪಟ್ಟು, 8ರ ಹುಡುಗನದು 6 ಪಟ್ಟಿನಷ್ಟು. ಕಣ್ಣುಗಳು ತಲೆಯ ನಡುಗೆರೆಗಿಂತ ತುಸು ಕೆಳಗೆ ಬರಬೇಕು.

ಆಟ ಆರಿಸುವಾಗ ಗೆರೆಗೆ ಕೆಲಸ ಕೊಡುವಂಥದ್ದನ್ನೇ ನೋಡಿ. ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಕಣದುದ್ದಕ್ಕೂ ಎಳೆಯುವ ಅಕ್ಕನಿಗಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ, ಅಂಚು ಒಳಕ್ಕೆ ಸುರುಳಿಯಾಗುತ್ತದೆ, ಎಳೆಯುವ ತುದಿಯಲ್ಲಿ ಒಣಗರಿ ಚದುರಿರುತ್ತದೆ; ಮೂರಕ್ಕೂ ಮೂರು ಬಗೆಯ ಗೆರೆ ಬೇಕು. ಕೂತ ಮಗುವಿನ ಮುಷ್ಟಿ ಹಾಳೆಯ ಎರಡೂ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ. ಗೆಣ್ಣುಗಳ ಮೇಲೆ ದೊಡ್ಡವರಿಗೆ ಉಬ್ಬು ಇರುವಲ್ಲಿ ಮಗುವಿಗೆ ಗುಳಿ ಇರುತ್ತದೆ. ಆ ನಾಲ್ಕು ಚುಕ್ಕಿ ಇಟ್ಟರೆ ಸಾಕು, ಕೈ ಮಗುವಿನದಾಗುತ್ತದೆ.

ಅಚ್ಚಿನಲ್ಲಿ ಎಡ-ಬಲ ತಿರುಗುತ್ತದೆ ಎಂಬುದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಚಿನ್ನಿದಾಂಡು ಆಡುವ ಹುಡುಗ ಎಡಗೈಯವನಾಗುತ್ತಾನೆ, ಸ್ಲೇಟಿನ ಮೇಲಿನ ‘ಅ’ ಕನ್ನಡಿಯ ಅಕ್ಷರವಾಗುತ್ತದೆ. ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ದಿನದ ಚಿತ್ರವಾದರೆ ಇನ್ನೂ ಎಚ್ಚರ ಬೇಕು: ಅಜ್ಜಿಯ ಸೀರೆಯ ಸೆರಗು ಬಂದ ಭುಜ, ಅಜ್ಜನ ಪೀಚೆಕತ್ತಿ ಸಿಕ್ಕಿಸಿದ ಬದಿ ತಿರುಗಿದರೆ ಕೊಡಗಿನವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಆದ್ದರಿಂದ ಟ್ರೇಸಿಂಗ್ ಹಾಳೆಯಲ್ಲಿ ಬರೆದು, ಅದನ್ನು ಮಗುಚಿ ತಗಡಿಗೆ ಇಳಿಸಬೇಕು.

ತಗಡು

18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ತಾಮ್ರದ ತಗಡು ಕೊಳ್ಳಿ. ಜೊತೆಗೆ 3×10 ಸೆಂ.ಮೀ.ನ ಒಂದು ತುಂಡನ್ನೂ ಕತ್ತರಿಸಿ ತನ್ನಿ, ಪರೀಕ್ಷೆಗೆ ಬೇಕು. ನಾಲ್ಕೂ ಅಂಚನ್ನು ಅರದಿಂದ 45 ಡಿಗ್ರಿಗೆ ಉಜ್ಜಿ ಇಳಿಜಾರು ಮಾಡಿ, ಮೂಲೆಗಳನ್ನು ಸ್ವಲ್ಪ ಗುಂಡಗಾಗಿಸಿ. ಇದನ್ನು ಬಿಟ್ಟರೆ ಅಚ್ಚು ತೆಗೆಯುವ ಪ್ರೆಸ್ಸಿನ ಒತ್ತಡಕ್ಕೆ ತಗಡು ಕಾಗದವನ್ನೂ ಅದರ ಮೇಲೆ ಹಾಕುವ ಕಂಬಳಿಯನ್ನೂ ಕೊಯ್ಯುತ್ತದೆ. ಮೇಲ್ಮೈಯನ್ನು 600, 1000, 1500ರ ನೀರುಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಕ್ರಮವಾಗಿ ಉಜ್ಜಿ, ಕೊನೆಗೆ ಲೋಹ ಪಾಲಿಷ್‌ನಿಂದ ಹೊಳಪು ತನ್ನಿ. ಉಳಿದ ಪ್ರತಿಯೊಂದು ಗೀರೂ ಅಚ್ಚಿನಲ್ಲಿ ಬೂದು ಗೆರೆಯಾಗಿ ಬರುತ್ತದೆ; ಮಗುವಿನ ಮುಖದ ಮೇಲೆ ಬಂದರೆ ಅಳಿಸುವುದು ಕಷ್ಟ.

ಆಮೇಲೆ ಜಿಡ್ಡು ತೆಗೆಯುವುದು. ಸೀಮೆಸುಣ್ಣದ ಪುಡಿಗೆ ಬಿಳಿ ವಿನೆಗರ್, ಚಿಟಿಕೆ ಉಪ್ಪು ಕಲಸಿ ಹತ್ತಿಯಿಂದ ಉಜ್ಜಿ ನಲ್ಲಿಯಡಿ ಹಿಡಿಯಿರಿ. ನೀರು ಒಂದೇ ಪದರವಾಗಿ ಇಳಿದುಹೋದರೆ ಜಿಡ್ಡು ಹೋಗಿದೆ, ಹನಿಹನಿಯಾಗಿ ನಿಂತರೆ ಇನ್ನೊಮ್ಮೆ ಉಜ್ಜಿ. ಮನೆಯಲ್ಲಿ ಕಾಚಂಪುಳಿ ಇದೆ, ಹುಳಿಯಾದರೆ ಸಾಕಲ್ಲ ಎಂದು ಅದನ್ನು ಬಳಸಬೇಡಿ. ಕುದಿಸಿ ಇಂಗಿಸಿದ ಆ ಗಟ್ಟಿ ರಸ ತಗಡಿನ ಮೇಲೆ ತನ್ನದೇ ಪೊರೆ ಬಿಡುತ್ತದೆ. ತೊಳೆದ ತಗಡನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ಮೇಣದ ಲೇಪ

ಬಾಸ್ ಬಹಳವಾಗಿ ಮೆಚ್ಚಿದ್ದು ಗಟ್ಟಿ ವಾರ್ನಿಷನ್ನು. ಎಣ್ಣೆ-ರಾಳ ಬೇಯಿಸಿ ಮಾಡಿದ ಅದನ್ನು ತಗಡಿಗೆ ಬಳಿದು ಕೆಂಡದ ಮೇಲೆ ಕಾಯಿಸಿ ಗಟ್ಟಿಗೊಳಿಸುತ್ತಿದ್ದರು. ಅವನಿಗಿಂತ ಹಿರಿಯನಾದ ಎಚ್ಚಿಂಗ್ ಕಲಾವಿದ ಜಾಕ್ ಕಾಲೋ ಈ ವಿಧಾನವನ್ನು ಬೆಳೆಸಿದವನು. ಈಗ ಅಷ್ಟು ಸಾಹಸ ಬೇಡ, ಮೇಣದ ಲೇಪ ಸಾಕು: 50 ಗ್ರಾಂ ಜೇನುಮೇಣ, 50 ಗ್ರಾಂ ಅಸ್ಫಾಲ್ಟಂ (ಕಪ್ಪು ಶಿಲಾರಾಳ) ಪುಡಿ, 25 ಗ್ರಾಂ ರಾಳ.

ಮೇಣ ಕೊಡಗಿನಲ್ಲಿ ಹುಡುಕುವ ವಸ್ತು ಅಲ್ಲ, ಆದರೆ ಹಿಂಡಿದ ಜೇನುರಟ್ಟನ್ನು ಹಾಗೇ ಬಳಸಬಾರದು. ಅದರಲ್ಲಿ ಉಳಿದ ಜೇನು ನೀರಿಗೆ ಕರಗುತ್ತದೆ. ಲೇಪದೊಳಗೆ ಅದರ ಕಣ ಇದ್ದಲ್ಲೆಲ್ಲ ದ್ರಾವಣ ನುಗ್ಗಿ ಸೂಜಿಮೊನೆಯಷ್ಟು ತೂತು ಕಚ್ಚುತ್ತದೆ. ಮೇಣವನ್ನು ನೀರಿನಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ತಣ್ಣಗಾದ ಮೇಲೆ ಮೇಲೆ ಕಟ್ಟಿದ ಬಿಲ್ಲೆಯನ್ನು ತೆಗೆಯಿರಿ. ಹೀಗೆ ಎರಡು ಸಲ ಮಾಡಿ. ರಸ್ತೆಯ ಡಾಂಬರು ಅಸ್ಫಾಲ್ಟಂ ಪುಡಿಗೆ ಬದಲಿಯಲ್ಲ, ಅದು ಒಣಗದೆ ಕೈಗೆ ಮೆತ್ತುತ್ತದೆ.

ಸಣ್ಣ ಉರಿಯಲ್ಲಿ ಮೇಣ ಕರಗಿಸಿ, ರಾಳದ ಪುಡಿ ಹಾಕಿ, ಅದು ಕರಗಿದ ಮೇಲೆ ಅಸ್ಫಾಲ್ಟಂ ಅನ್ನು ಚೂರುಚೂರಾಗಿ ಸೇರಿಸಿ ಕಲಕುತ್ತಿರಿ. ಹೊರಗೆ ಮಾಡಿ, ಮುಚ್ಚಳ ಕೈಗೆಟುಕುವಲ್ಲಿ ಇರಲಿ, ಬೆಂಕಿ ಹೊತ್ತಿಕೊಂಡರೆ ಮುಚ್ಚುವುದೊಂದೇ ದಾರಿ, ನೀರು ಹಾಕಬಾರದು. ಕಲಸಿದ್ದನ್ನು ಉಗುರುಬೆಚ್ಚಗಿನ ನೀರಿಗೆ ಸುರಿದು, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಒಣಗಿಸಿ.

ತಗಡನ್ನು ಕಾವಲಿಯಂಥ ಸಮತಟ್ಟಾದ ಬಿಸಿಯ ಮೇಲೆ ಇಡಿ. ಉಂಡೆ ಮುಟ್ಟಿಸಿದರೆ ಕರಗಿ ಗೆರೆ ಎಳೆಯಬೇಕು, ಹೊಗೆ ಬರಬಾರದು. ಹತ್ತಿಯನ್ನು ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ ಗಂಟಿನಿಂದ ತಟ್ಟುತ್ತ ಹರಡಿ. ತಗಡು ಆರುತ್ತ ಬಂದಂತೆ ತಟ್ಟುವ ಗುರುತು ಸಣ್ಣದಾಗುತ್ತ ಮಾಯವಾಗುತ್ತದೆ. ಬಣ್ಣ ಕಾಫಿ ಡಿಕಾಕ್ಷನ್ನಿನ ತೆಳು ಕಂದು, ಕೆಳಗಿನ ತಾಮ್ರ ಮಿನುಗುವಷ್ಟು ತೆಳ್ಳಗೆ. ದಪ್ಪವಾದರೆ ಸೂಜಿ ಎಳೆದಲ್ಲಿ ಚಕ್ಕೆ ಏಳುತ್ತದೆ.

ಇನ್ನು ಮಸಿ ಹಿಡಿಸುವುದು. ತಗಡು ಬೆಚ್ಚಗಿರುವಾಗಲೇ ಇಕ್ಕಳದಿಂದ ಹಿಡಿದು ಲೇಪದ ಮುಖ ಕೆಳಗೆ ಮಾಡಿ. ಮೂರ್ನಾಲ್ಕು ಮೇಣದಬತ್ತಿ ಒಟ್ಟಿಗೆ ಕಟ್ಟಿ ಉರಿಯ ತುದಿಯನ್ನು ಮಾತ್ರ ತಾಗಿಸುತ್ತ, ಎಲ್ಲೂ ನಿಲ್ಲಿಸದೆ ಓಡಿಸಿ. ಹೊಳೆಯುವ ಕಪ್ಪು ಬಂದರೆ ಸರಿ. ಬೂದಿಯಂತೆ ಮಂಕಾಗಿ ಕಂಡ ಜಾಗದಲ್ಲಿ ಲೇಪ ಸುಟ್ಟಿದೆ. ಅದು ದ್ರಾವಣವನ್ನು ತಡೆಯುವುದಿಲ್ಲ. ಅಲ್ಲಿ ತೇಪೆ ಹಾಕಲು ಹೋಗದೆ ಟರ್ಪೆಂಟೈನ್‌ನಿಂದ ಒರೆಸಿ ಮೊದಲಿಂದ ಮಾಡಿ.

ದಬ್ಬಣದಿಂದ ಎಷೋಪ್

ಈ ಕೆಲಸದ ಜೀವ ಇರುವುದು ಒಂದು ಉಪಕರಣದಲ್ಲಿ. ಫ್ರೆಂಚರು ಅದನ್ನು ಎಷೋಪ್ ಅನ್ನುತ್ತಾರೆ. ಓರೆಯಾಗಿ ಕತ್ತರಿಸಿದ ದಪ್ಪ ಸೂಜಿ ಅದು, ಅಷ್ಟೆ. ಮೊನೆಯ ಬದಲು ಅಂಡಾಕಾರದ ಮುಖ ಇರುತ್ತದೆ. ಕಾಲೋ ಅದನ್ನು ಬಳಕೆಗೆ ತಂದ, ಬಾಸ್ ತನ್ನ ಪುಸ್ತಕದಲ್ಲಿ ಅದನ್ನು ಹಿಡಿಯುವ ಬಗೆಯನ್ನು ಚಿತ್ರ ಸಮೇತ ವಿವರಿಸಿದ.

ಕಾಫಿ ಚೀಲ ಹೊಲಿಯುವ ದಬ್ಬಣ ಇದಕ್ಕೆ ಚೆನ್ನಾಗಿ ಒದಗುತ್ತದೆ. ಗುಂಡಗಿನ, 2–3 ಮಿ.ಮೀ. ದಪ್ಪದ್ದನ್ನು ಆರಿಸಿ, ಚಪ್ಪಟೆ ಮೊನೆಯನ್ನು ಕತ್ತರಿಸಿ ತೆಗೆಯಿರಿ. ಮರದ ಹಿಡಿಗೆ ಕೂರಿಸಿ, ಎಣ್ಣೆ ಹಾಕಿದ ಸಾಣೆಕಲ್ಲಿನ ಮೇಲೆ 45 ಡಿಗ್ರಿ ಓರೆಯಲ್ಲಿ ಹಿಂದೆ-ಮುಂದೆ ಉಜ್ಜಿ. ಕೈ ಅಲುಗಿದರೆ ಮುಖ ಉಬ್ಬುತ್ತದೆ, ಆಗ ಗೆರೆ ದಪ್ಪ-ಸಣ್ಣ ಆಗುವುದೇ ಇಲ್ಲ. ಉಗುರಿನ ಮೇಲೆ ಇಟ್ಟು ಮೆಲ್ಲಗೆ ಎಳೆದರೆ ಜಾರದೆ ಹಿಡಿಯಬೇಕು.

ಪೆನ್ನಿನಂತೆ ಹಿಡಿದು ಗೆರೆ ತೆಳುವಾಗಿ ಶುರು ಮಾಡಿ, ನಡುವಿನಲ್ಲಿ ಹಿಡಿಯನ್ನು ಬೆರಳ ನಡುವೆ ಕಾಲು ಸುತ್ತು ತಿರುಗಿಸಿ, ಕೊನೆಗೆ ಮತ್ತೆ ಮೊದಲಿನ ಸ್ಥಿತಿಗೆ ತನ್ನಿ. ಗೆರೆ ತೆಳುವಾಗಿ ಹುಟ್ಟಿ, ಉಬ್ಬಿ, ತೆಳುವಾಗಿ ಮುಗಿಯುತ್ತದೆ. ಲಂಗದ ನೆರಿಗೆ, ಅಡಿಕೆ ಹಾಳೆಯ ಉಬ್ಬು, ಕಂಬದ ದುಂಡು ಎಲ್ಲಕ್ಕೂ ಇದೇ ಗೆರೆ. ಪರೀಕ್ಷೆಯ ತುಂಡಿನ ಮೇಲೆ ಇಂಥ 100 ಗೆರೆಯಾದರೂ ಎಳೆದು ಕೈ ಪಳಗಿಸಿಕೊಳ್ಳದೆ ನಿಜವಾದ ತಗಡಿಗೆ ಕೈ ಹಾಕಬೇಡಿ.

ಮುಖ, ಕೈ, ಕೂದಲಿಗೆ ಎಷೋಪ್ ಬೇಡ, ಸಾಮಾನ್ಯ ಸಣ್ಣ ಸೂಜಿಯೇ ಬೇಕು. ಸೂಜಿ ಲೇಪವನ್ನು ಸೀಳಿ ತಾಮ್ರವನ್ನು ಮುಟ್ಟಿದರೆ ಸಾಕು, ಅಗೆಯಬಾರದು. ಮುಖದ ಸುತ್ತ ಪೂರ್ತಿ ಗೆರೆ ಕಟ್ಟಬೇಡಿ. ಬೆಳಕು ಬೀಳುವ ಕೆನ್ನೆಯ ಕಡೆ ಅಂಚನ್ನು ತೆರೆದೇ ಬಿಡಿ, ಹಿಂದಿನ ಗೋಡೆಯ ನೆರಳೇ ಅಂಚು ಕಾಣಿಸುತ್ತದೆ. ನೆರಳಿನ ಕಡೆ ಅರ್ಧ ಮಿ.ಮೀ. ಅಂತರದ ಬಾಗುಗೆರೆ ಎಳೆದು, ಬೆಳಕಿನತ್ತ ಬಂದಲ್ಲಿ ಗೆರೆಯನ್ನು ತುಂಡರಿಸಿ ಎರಡು-ಮೂರು ಚುಕ್ಕಿಯಲ್ಲಿ ಮುಗಿಸಿ. ಮೂಗಿನ ಪಕ್ಕದಿಂದ ಬಾಯಿಯ ಕಡೆಗೆ ಒಂದೇ ಒಂದು ಗೆರೆ ಹೆಚ್ಚಾದರೂ 5 ವರ್ಷದ ಮಗು 50ರ ಮುದುಕಿಯಂತೆ ಕಾಣುತ್ತದೆ. ಸಂಶಯ ಬಂದರೆ ಗೆರೆ ಬಿಟ್ಟುಬಿಡಿ. ಆಮೇಲೆ ಸೇರಿಸಬಹುದು, ತೆಗೆಯುವುದು ಕಷ್ಟ.

ನೆರಳಿನ ಅಡ್ಡಗೆರೆಗಳು ಮೊದಲ ಸಾಲನ್ನು 50–60 ಡಿಗ್ರಿಯಲ್ಲಿ ದಾಟಲಿ. ನೆಟ್ಟಗೆ ದಾಟಿದರೆ ಜರಡಿಯಂತೆ ಕಾಣುತ್ತದೆ, ತೀರ ಓರೆಯಾದರೆ ದಾಟುವಲ್ಲಿ ಗೆರೆಗಳು ಕೂಡಿಕೊಳ್ಳುತ್ತವೆ. ಆಮ್ಲ ಗೆರೆಯನ್ನು ಆಳ ಮಾಡುವುದರ ಜೊತೆಗೆ ಅಗಲವನ್ನೂ ಮಾಡುತ್ತದೆ. ಆದ್ದರಿಂದ ಹೆಚ್ಚು ಹೊತ್ತು ಕಚ್ಚುವ ಜಾಗದಲ್ಲಿ ಎರಡು ಗೆರೆಗಳ ನಡುವೆ, ಕಚ್ಚಿ ಮುಗಿದ ಗೆರೆಯ ಅಗಲದ ಎರಡರಷ್ಟಾದರೂ ತಾಮ್ರ ಉಳಿಯಬೇಕು. ಉಳಿಯದಿದ್ದರೆ ನಡುವಿನ ತಾಮ್ರ ಕುಸಿದು ಅಗಲವಾದ ಹಳ್ಳವಾಗುತ್ತದೆ; ಒರೆಸುವಾಗ ಅದರ ಇಂಕು ಎದ್ದುಬಂದು, ದಟ್ಟ ಕಪ್ಪು ಬರಬೇಕಾದಲ್ಲಿ ಬೋಳು ಬೂದು ಬರುತ್ತದೆ.

ದ್ರಾವಣ, ಹೊತ್ತು, ಮುಚ್ಚು

ಬಾಸ್‌ನ ಕಾಲದಲ್ಲಿ ಗಟ್ಟಿ ವಾರ್ನಿಷ್‌ಗೆ ವಿನೆಗರ್, ನವಸಾಗರ, ಉಪ್ಪು, ತಾಮ್ರದ ಕಿಲುಬು ಕುದಿಸಿದ ದ್ರವ ಬಳಸುತ್ತಿದ್ದರು. ತಗಡನ್ನು ಓರೆಹಲಗೆಗೆ ಒರಗಿಸಿ, ಮೇಲಿನಿಂದ ಮತ್ತೆ ಮತ್ತೆ ಸುರಿಯುತ್ತಿದ್ದರು. ನೈಟ್ರಿಕ್ ಆಮ್ಲದ ಹೊಗೆ ಶ್ವಾಸಕೋಶಕ್ಕೆ ವಿಷ, ಮನೆಯಲ್ಲಿ ಅದು ಬೇಡ. ತೋಟದ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಆದರೆ ಅದು ಸತುವಿನ ತಗಡನ್ನು ಕಚ್ಚುತ್ತದೆಯೇ ಹೊರತು ತಾಮ್ರವನ್ನಲ್ಲ.

ಬೇಕಾದದ್ದು ಫೆರಿಕ್ ಕ್ಲೋರೈಡ್, ಸರ್ಕಿಟ್ ಬೋರ್ಡ್ ಮಾಡುವವರು ಬಳಸುವಂಥದ್ದೇ. ಶೇ. 40ರ ದ್ರಾವಣ 2 ಲೀಟರ್ ತೆಗೆದುಕೊಳ್ಳಿ. ಬೇರೆ ಪಾತ್ರೆಯಲ್ಲಿ 375 ಮಿ.ಲೀ. ಬಿಸಿನೀರಿಗೆ 125 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಆರಿದ ಮೇಲೆ ಇದಕ್ಕೆ ಸೇರಿಸಿ. ಬರಿಯ ಫೆರಿಕ್ ಕ್ಲೋರೈಡಿನಲ್ಲಿ ಗೆರೆಯೊಳಗೆ ಗಸಿ ಕೂತು ಕಚ್ಚುವುದು ನಿಲ್ಲುತ್ತದೆ. ನಿಂಬೆಉಪ್ಪು ಆ ಗಸಿಯನ್ನು ಕರಗಿಸುತ್ತದೆ. ಫೆರಿಕ್ ಕ್ಲೋರೈಡ್ ಪುಡಿಯಾಗಿ ಸಿಕ್ಕಿದರೆ 600 ಮಿ.ಲೀ. ನೀರಿಗೆ 400 ಗ್ರಾಂ ಪುಡಿಯನ್ನು ಚಮಚ ಚಮಚವಾಗಿ ಹಾಕಿ. ಪುಡಿಯ ಮೇಲೆ ನೀರು ಸುರಿಯಬೇಡಿ, ಕುದಿದು ಸಿಡಿಯುತ್ತದೆ. ಹಳದಿ ಗಟ್ಟಿಗಳಾಗಿದ್ದರೆ ಅದರೊಳಗೇ ನೀರಿದೆ: 650 ಗ್ರಾಂಗೆ 350 ಮಿ.ಲೀ. ನೀರು ಸಾಕು. ಪ್ಲಾಸ್ಟಿಕ್ ತಟ್ಟೆ ಮಾತ್ರ ಬಳಸಿ. ಸ್ಟೀಲನ್ನೂ ಇದು ತಿನ್ನುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಕಣ್ಣಿಗೆ ಸಿಡಿದರೆ 15 ನಿಮಿಷ ನೀರು ಹರಿಸಿ, ನೇರ ಆಸ್ಪತ್ರೆಗೆ ಹೋಗಿ.

ತಗಡಿನ ಹಿಂಬದಿಗೆ, ಅಂಚಿಗೆ ಅರಗಿನ ವಾರ್ನಿಷ್ ಬಳಿಯಿರಿ, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಮೊದಲು ಪರೀಕ್ಷೆಯ ತುಂಡನ್ನು ಇಳಿಸಿ 5, 10, 20, 40, 60 ನಿಮಿಷಕ್ಕೆ ಒಂದೊಂದು ಪಟ್ಟಿಯನ್ನು ಇದೇ ವಾರ್ನಿಷ್‌ನಿಂದ ಮುಚ್ಚುತ್ತ ಬಂದು, ಅಚ್ಚು ತೆಗೆದು ನೋಡಿ. ಆ ತುಂಡೇ ನಿಮ್ಮ ಅಳತೆಗೋಲು. ಹೊಸ ದ್ರಾವಣದಲ್ಲಿ, 22–24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಗೆ ಶುರು ಮಾಡಬಹುದು: 7 ನಿಮಿಷಕ್ಕೆ ತೆಗೆದು ತೊಳೆದು ಒಣಗಿಸಿ ಮುಖ, ಕೈ, ಕಾಲು ಮುಚ್ಚಿ. ಒಟ್ಟು 15 ನಿಮಿಷಕ್ಕೆ ಬಟ್ಟೆಯ ತೆಳು ನೆರಿಗೆ, ದೂರದ ಕಂಬ. 30ಕ್ಕೆ ನೆಲ, ಅಡಿಕೆ ಹಾಳೆ. ಉಳಿದ ಗಾಢ ನೆರಳನ್ನು 60ರವರೆಗೆ ಬಿಡಿ. ಪ್ರತಿ 2 ನಿಮಿಷಕ್ಕೊಮ್ಮೆ ತಟ್ಟೆಯನ್ನು ಮೆಲ್ಲಗೆ ಅಲುಗಿಸಿ, ಗೆರೆಯ ಮೇಲೆ ಕೂತ ಗಾಳಿಗುಳ್ಳೆಯನ್ನು ಹಕ್ಕಿಗರಿಯಿಂದ ಸವರಿ ತೆಗೆಯಿರಿ. ಗುಳ್ಳೆ ಕೂತಲ್ಲಿ ಗೆರೆ ತುಂಡಾಗುತ್ತದೆ.

ಡಿಸೆಂಬರ್–ಜನವರಿಯ ಬೆಳಗ್ಗೆ ಮಡಿಕೇರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ದ್ರಾವಣ ತಣ್ಣಗಿದ್ದರೆ ಕಚ್ಚುವುದು ನಿಧಾನವಾಗುತ್ತದೆ. ತಟ್ಟೆಯನ್ನು ಬಿಸಿನೀರಿನ ಟಬ್‌ನಲ್ಲಿ ಇಟ್ಟು ಥರ್ಮಾಮೀಟರ್ ನೋಡಿ, ಅಥವಾ ಬಿಸಿಲು ಏರಿದ ಮೇಲೆ ಶುರು ಮಾಡಿ. ಅರಗಿನ ವಾರ್ನಿಷ್ ಒಣಗುವಾಗ ಹಾಲಿನಂತೆ ಬೆಳ್ಳಗಾದರೆ ಗಾಳಿಯ ತೇವ ಅದರೊಳಗೆ ಸೇರಿದೆ ಎಂದರ್ಥ. ಅಂಥ ಮುಚ್ಚು ದ್ರಾವಣದಲ್ಲಿ ಬಿಟ್ಟುಕೊಳ್ಳುತ್ತದೆ. ತಗಡನ್ನು ತುಸು ಬೆಚ್ಚಗೆ ಮಾಡಿಕೊಂಡು ಬಳಿದರೆ ಈ ತೊಂದರೆ ಇಲ್ಲ. ಬೆಂಕಿ ಇದ್ದಲ್ಲಿ ಮಾತ್ರ ಸ್ಪಿರಿಟ್ ಬಾಟಲಿ ತೆರೆಯಬೇಡಿ.

ಹಳೆಯ ದ್ರಾವಣವನ್ನು ಮೋರಿಗೂ ತೋಡಿಗೂ ಸುರಿಯಬಾರದು. ಕರಗಿದ ತಾಮ್ರ ಮೀನಿಗೆ ವಿಷ, ಇಲ್ಲಿಯ ಹೆಚ್ಚಿನ ತೋಡುಗಳ ನೀರು ಕೊನೆಗೆ ಸೇರುವುದು ಕಾವೇರಿಗೆ. ದೊಡ್ಡ ಬಕೆಟ್‌ನಲ್ಲಿ ನೀರು ಬೆರೆಸಿ, ನೊರೆ ಏಳುವುದು ನಿಲ್ಲುವವರೆಗೆ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪ ಹಾಕಿ, ರಾತ್ರಿಯಿಡೀ ಬಿಡಿ. ಮರುದಿನ ಮೇಲಿನ ತಿಳಿಯನ್ನು ಪರೀಕ್ಷಿಸುವ ಬಗೆ ಕಾಫಿ ಬೆಳೆಗಾರರಿಗೆ ಗೊತ್ತಿರುವುದೇ: ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಸಿಂಪಡಣೆ) ನೋಡುವಂತೆ, ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಅದ್ದಿ. ಕೆಂಪು ಕೂತರೆ ತಾಮ್ರ ಇನ್ನೂ ನೀರಿನಲ್ಲಿದೆ, ಸೋಡಾ ಸಾಲದು. ತೋಟಕ್ಕೆ ಹೇಗೂ ತಾಮ್ರ ಹೊಡೆಯುತ್ತೇವೆ ಎಂದು ಕೆಳಗಿನ ಕೆಸರನ್ನು ಗಿಡದ ಬುಡಕ್ಕೆ ಹಾಕಬೇಡಿ. ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಅಚ್ಚು

ಲೇಪವನ್ನು ಟರ್ಪೆಂಟೈನ್‌ನಿಂದ, ಅರಗನ್ನು ಸ್ಪಿರಿಟ್‌ನಿಂದ ತೆಗೆಯಿರಿ. 250–300 ಜಿಎಸ್‌ಎಂ ಹತ್ತಿ ಕಾಗದವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒತ್ತುಕಾಗದದ ನಡುವೆ ಇಟ್ಟು ಮೇಲಿನ ಹೊಳಪು ಹೋಗುವಷ್ಟು ನೀರು ತೆಗೆಯಿರಿ. ಒದ್ದೆ ಕಾಗದವನ್ನು ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಬೂಷ್ಟು ಬರುತ್ತದೆ.

ತಗಡನ್ನು ಕೈ ತಾಳುವಷ್ಟು ಬಿಸಿ ಮಾಡಿ, ಎಚ್ಚಿಂಗ್ ಇಂಕನ್ನು ರಟ್ಟಿನ ತುಂಡಿನಿಂದ ಎಲ್ಲ ದಿಕ್ಕಿನಲ್ಲೂ ಗೆರೆಯೊಳಗೆ ತುಂಬಿ. ಗಂಜಿ ಹಾಕಿದ ಜಾಳು ಬಟ್ಟೆಯನ್ನು ಚಪ್ಪಟೆಯಾಗಿ ಮಡಚಿ ಸುತ್ತುಸುತ್ತಾಗಿ ಒರೆಸಿ. ಬೆರಳು ಒತ್ತಿದರೆ ಗೆರೆಯೊಳಗಿನ ಇಂಕೂ ಎದ್ದುಬರುತ್ತದೆ. ಬಾಸ್‌ನ ರೀತಿಯ ಚಿತ್ರಕ್ಕೆ ತಗಡಿನ ಮೇಲೆ ಇಂಕಿನ ಮಬ್ಬು ಉಳಿಯಬಾರದು, ಬೆಳಕೆಲ್ಲ ಬಿಳಿ ಕಾಗದದ್ದೇ ಆಗಬೇಕು. ಆದ್ದರಿಂದ ಕೊನೆಗೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ, ಉಳಿದದ್ದನ್ನು ತಟ್ಟಿ ಉದುರಿಸಿ, ಅಂಗೈಯ ಬುಡದಿಂದ ಹಗುರವಾಗಿ ಬೀಸಿ ಒರೆಸಿ. ಅಂಚುಗಳನ್ನು ಬೇರೆಯಾಗಿ ಒರೆಸಬೇಕು. ಪ್ರೆಸ್ಸಿನಲ್ಲಿ ಮೂರು ಉಣ್ಣೆ ಕಂಬಳಿ ಹಾಕಿ ಒಂದೇ ವೇಗದಲ್ಲಿ ಚಕ್ರ ತಿರುಗಿಸಿ, ನಡುವೆ ನಿಲ್ಲಿಸಿದರೆ ಅಡ್ಡಪಟ್ಟಿ ಬೀಳುತ್ತದೆ.

ಮೊದಲ ಅಚ್ಚಿನಲ್ಲಿ ಗೆರೆ ತುಂಡುತುಂಡಾಗಿ ಬಂದರೆ ಒತ್ತಡ ಕಡಿಮೆ ಅಥವಾ ಕಾಗದ ಒಣಗಿದೆ. ಗೆರೆಯ ಬದಿಯಲ್ಲಿ ಇಂಕು ಹರಡಿದರೆ ಕಾಗದದಲ್ಲಿ ನೀರು ಹೆಚ್ಚು. ಆಕಾಶದಲ್ಲೋ ಗೋಡೆಯಲ್ಲೋ ಕಪ್ಪು ಚುಕ್ಕಿಗಳಿದ್ದರೆ ಅದು ಲೇಪದ ದೋಷ. ಬರ್ನಿಷರ್‌ನ ನಯವಾದ ಉಕ್ಕಿನ ಮುಖಕ್ಕೆ ಒಂದು ಹನಿ ಎಣ್ಣೆ ಹಾಕಿ ಉಜ್ಜಿದರೆ ಸಣ್ಣವು ಮುಚ್ಚಿಹೋಗುತ್ತವೆ. ಮುಖ ಕಪ್ಪಾಗಿದ್ದರೂ ಇದೇ ಉಪಾಯ, ಆದರೆ ಎರಡೆರಡು ಸಲ ಉಜ್ಜಿ ಅಚ್ಚು ನೋಡುತ್ತ ಹೋಗಿ.

ಅಚ್ಚುಗಳನ್ನು ಒತ್ತುಕಾಗದದ ನಡುವೆ, ಹಲಗೆಯ ಭಾರದಡಿ 4–5 ದಿನ ಒಣಗಿಸಿ. ಮೊದಲ ದಿನ ಎರಡು ಸಲ, ಆಮೇಲೆ ದಿನಕ್ಕೊಮ್ಮೆ ಒತ್ತುಕಾಗದ ಬದಲಿಸಿ. ಬೇಗ ಆಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಹರಡಬೇಡಿ, ಹೊಗೆಗೆ ಕಾಗದ ಹಳದಿಯಾಗುತ್ತದೆ, ಒಂದೇ ಸಮನೆ ಒಣಗದೆ ಸೊಟ್ಟಗಾಗುತ್ತದೆ. ಚೌಕಟ್ಟು ಹಾಕಿಸುವಾಗ ಚಿತ್ರ ಗಾಜಿಗೆ ತಾಗದಂತೆ ಆಮ್ಲರಹಿತ ರಟ್ಟಿನ ಕಿಟಕಿ ಇಡಿಸಿ. ಮಳೆ ಹೊಡೆಯುವ ಹೊರಗೋಡೆಗೆ ತೂಗಬೇಡಿ. ಒಳಗೋಡೆಗೆ ತೂಗುವಾಗಲೂ ಹಿಂಬದಿಯ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿ 1 ಸೆಂ.ಮೀ. ಗಾಳಿಯಾಡಲು ಬಿಡಿ. ತಗಡನ್ನು ಇಂಕು ಉಳಿಯದಂತೆ ತೊಳೆದು, ಗೆರೆಗಳ ಮೇಲೂ ಸೇರಿಸಿ ವ್ಯಾಸಲೀನ್ ತೆಳುವಾಗಿ ಸವರಿ, ಬಟರ್ ಪೇಪರ್‌ನಲ್ಲಿ ಸುತ್ತಿಡಿ. ಹೀಗೆ ಇಟ್ಟರೆ ಮುಂದಿನ ತುಲಾ ಸಂಕ್ರಮಣದ ಹೊತ್ತಿಗೂ ಕಿಲುಬು ಹಿಡಿದಿರುವುದಿಲ್ಲ, ಟರ್ಪೆಂಟೈನ್‌ನಲ್ಲಿ ಒರೆಸಿ ಮತ್ತೆ ಇಂಕು ತುಂಬಬಹುದು.